ರಾಹುಕಾಲ ಮತ್ತು ಉಳ್ಳಾಗಡ್ಡಿ ಬೇರು

ರಾಣೆಬೆನ್ನೂರಿನ ಒಂದು ಕಾಲೇಜಿಗೆ ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಉಳ್ಳಾಗಡ್ಡಿ ಬೇರಿನ ತುದಿಯನ್ನು ಬೆಳಿಗ್ಗೆಯೇ ಕತ್ತರಿಸಿದರೆ ಒಂದು ಜೀವಕೋಶ ಎರಡಾಗುವುದು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತದೆ. ಹೊತ್ತೇರಿದರೆ ಕಷ್ಟ. ಪ್ರಾಚಾರ್ಯರು ಕತ್ತರಿ ಮುಟ್ಟಗೊಡಲಿಲ್ಲ.

"ರಾಹುಕಾಲ ಐತ್ರಿ ಸರ, ಹುಡುಗ್ರ ಭವಿಷ್ಯದ ಪ್ರಶ್ನೆ. ಉಪ್ಪಿಟ್ಟು ತಗೋರಿ."

"ಕೋಶಗಳು ಕಾಯೋದಿಲ್ರಿ," ಎಂದೆ.

"ಇಷ್ಟು ಮಂದಿ ಹುಡುಗ್ರು ಕಾಯಾಕತ್ತಾರ, ಅವಕ್ಕೇನ್ರಿ ಅಂಥಾ ಅವಸರ?"

ಸೂಕ್ಷ್ಮದರ್ಶಕಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬೇರು ಕತ್ತರಿಸುವ ಹೊತ್ತಿಗೆ ಮಧ್ಯಾಹ್ನ. ಒಂದೊಂದಾಗಿ ಇಣುಕಿದೆ. ಯಾವ ಕೋಶವೂ ಎರಡಾಗುತ್ತಿರಲಿಲ್ಲ. ಹುಡುಗರ ಹಾಳೆಗಳಲ್ಲಿ ಮಾತ್ರ ವಿಭಜನೆಯ ಎಲ್ಲ ಹಂತಗಳೂ ಪಠ್ಯಪುಸ್ತಕದಲ್ಲಿದ್ದಂತೆಯೇ ಮೂಡಿದ್ದವು. ಒಬ್ಬ ಹುಡುಗಿ ಸುಮ್ಮನಿದ್ದ ಕೋಶಗಳನ್ನೇ ಬರೆದು ಅಳುಮುಖ ಮಾಡಿಕೊಂಡು ನಿಂತಿದ್ದಳು.

"ಎಲ್ಲಾರಿಗೂ ಕಂಡದ್ದು ನಿನಗೊಬ್ಬಾಕಿಗೆ ಯಾಕ ಕಾಣವಲ್ದು? ಫೇಲ್ ಆಗ್ತಿ ನೋಡು," ಎಂದು ಪ್ರಾಚಾರ್ಯರು ಗದರಿದರು.

"ಇದ್ದದ್ದರ ಚಿತ್ರಾನ ತೆಗದೇನ್ರಿ ಸರ."

ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಉಳಿದವರ ಚಿತ್ರಗಳು ನಿಜಕ್ಕೂ ಸುಂದರವಾಗಿದ್ದವು. ಜೀವಶಾಸ್ತ್ರದ ಪರೀಕ್ಷೆಯಲ್ಲಿ ಚಿತ್ರಕಲೆಗೆ ಅಂಕ ಇಡದೇ ಹೋದದ್ದು ನಿಯಮ ಮಾಡಿದವರ ತಪ್ಪು.