ಶಾಂತವ್ವನಿಗೆ ನಾನು ಕೊಟ್ಟ ಬಿರುದು

ಶಾಂತವ್ವ ನಡೆದು ಬರುವುದನ್ನು ನಾನು ನೋಡಿದ್ದೇ ಕಡಿಮೆ. ಅವಳು ಯಾವಾಗಲೂ ಬಂದುಬಿಟ್ಟಿರುತ್ತಿದ್ದಳು, ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ, ನಾವು ಬಾಯಿ ತೆರೆಯುವ ಮೊದಲೇ ಪ್ರಶ್ನೆ ಕೇಳುತ್ತ. ಬೆಳ್ಳಟ್ಟಿಯ ಆಚೆ ಒಂದು ಸಣ್ಣ ಊರಿನ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ನಾನು ಇಂಗ್ಲಿಷ್ ಮಾಸ್ತರ. ಸಾರು ಕುದಿಸುತ್ತಲೇ ಆ ದಿನ ಯಾವ ಮಗು ಬಂದಿಲ್ಲ ಎಂದು ಗುರುತಿಟ್ಟುಕೊಳ್ಳುತ್ತಿದ್ದಳು. ಒಲೆ ಆರಿದ ಮೇಲೆ ಆ ಮನೆಗಳಿಗೆ ಹೋಗಿ, ಮಗಳನ್ನು ಯಾಕೆ ಕಳಿಸಲಿಲ್ಲ, ಗಂಡ ಯಾಕೆ ಮಾತು ಬಿಟ್ಟಿದ್ದಾನೆ, ಅತ್ತೆಯ ಕಾಲುನೋವನ್ನು ಯಾರಿಗೆ ತೋರಿಸಿದಿರಿ ಎಂದೆಲ್ಲ ವಿಚಾರಿಸಿ ಬರುತ್ತಿದ್ದಳು. ಕೆಲವರು ಅವಳ ದನಿ ಕೇಳಿದ ಕೂಡಲೇ ಬಾಗಿಲು ಮುಂದೆ ಮಾಡುತ್ತಿದ್ದರು. ಅವಳು ಹಿತ್ತಲಿಂದ ಬರುತ್ತಿದ್ದಳು.

ಆ ಶಾಲೆಗೆ ನಾನು ವರ್ಗವಾಗಿ ಬಂದಾಗ ನನ್ನ ಹೆಂಡತಿ ಕಮಲಾ ಮುಂಡರಗಿಯ ತವರಿನಲ್ಲಿದ್ದಳು. ಅವಳ ತಮ್ಮನ ಲಗ್ನಪತ್ರಿಕೆಯಲ್ಲಿದ್ದ ಇಂಗ್ಲಿಷ್ ತಪ್ಪುಗಳಿಗೆ ನಾನು ಬೀಗರ ಎದುರೇ ಕೆಂಪು ಶಾಯಿಯ ಗೆರೆ ಎಳೆದದ್ದು ಜಗಳಕ್ಕೆ ಕಾರಣ. ಶಾಲೆಯಲ್ಲಿ ಮಾತ್ರ, ತಾಯಿಯ ಆರೈಕೆಗೆ ಹೋಗಿದ್ದಾಳೆ ಎಂದಿದ್ದೆ. ಮೂರನೇ ದಿನ ಶಾಂತವ್ವ ನನ್ನ ಡಬ್ಬಿಯೊಳಗಿನ ಬ್ರೆಡ್ಡನ್ನು ನೋಡಿ, ಜಗಳ ಎಷ್ಟು ದಿನದ್ದು ಎಂದು ಕೇಳಿದಳು. ನಿನ್ನ ಕೆಲಸ ನೋಡಿಕೋ ಎಂದೆ. ಭಾನುವಾರ ಅವಳು ಮುಂಡರಗಿಯ ಬಸ್ಸು ಹತ್ತಿದಳು. ಸೋಮವಾರ ಅಕ್ಕಿಚೀಲಗಳ ಕೋಣೆಗೆ ನನ್ನನ್ನು ಕರೆದಳು.

"ನೀವು ಬಂದು ಕರೀಲಿ ಅಂತ ಆಕಿ ಕುಂತಾಳ. ಆಕೀನ ಬರ್ಲಿ ಅಂತ ನೀವು ಕುಂತೀರಿ. ಹಿಂಗ ಕುಂತ್ರ ಇಬ್ರೂ ಮುದುಕರಾಕ್ಕೀರಿ, ಮಾಸ್ತರ."

ನಾಲ್ಕು ದಿನ ಅವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಐದನೇ ದಿನ ಮುಂಡರಗಿಗೆ ಹೋದೆ. ಕಮಲಾ ಚೀಲ ಕಟ್ಟಿಕೊಂಡೇ ಇದ್ದಳು.

ಇದಾಗಿ ಎಷ್ಟೋ ವರ್ಷದ ಮೇಲೆ ಶಾಂತವ್ವ ಕೆಲಸ ಬಿಡುವ ಕಾಲ ಬಂತು. ಸನ್ಮಾನಪತ್ರವನ್ನು ಕನ್ನಡದಲ್ಲೇ ಬರೆಯಿರಿ ಎಂದು ಹೆಡ್‌ಮಾಸ್ತರರು ಹೇಳಿದರು. ಗದಗಿನಿಂದ ಅತಿಥಿಗಳು ಬರುವಾಗ ಒಂದಿಷ್ಟು ಇಂಗ್ಲಿಷ್ ಬೇಡವೇ ಎಂದು ನಾನೇ ಹಟ ಹಿಡಿದೆ. ಸದಾ ಓಡಾಡಿಕೊಂಡಿರುವ ಚುರುಕು ಮಂದಿಗೆ ಆ ಭಾಷೆಯಲ್ಲಿ ಒಂದು ಚೆಂದದ ಪದವಿದೆ ಎಂದು ನನ್ನ ನಂಬಿಕೆ. ಬಿಝಿಬಾಡಿ. ಬಿಝಿ ಎಂದರೆ ಗೊತ್ತು, ಬಾಡಿ ಎಂದರೂ ಗೊತ್ತು. ಎರಡೂ ಗೊತ್ತಿದ್ದವನಿಗೆ ನಿಘಂಟು ಯಾಕೆ? "ನಮ್ಮೂರಿನ ಹೆಮ್ಮೆಯ ಬಿಝಿಬಾಡಿ" ಎಂಬರ್ಥ ಬರುವಂತೆ ಬರೆದು, ಚೌಕಟ್ಟು ಹಾಕಿಸಿ, ವೇದಿಕೆಯ ಮೇಲೆ ಎರಡೆರಡು ಸಲ ಓದಿದೆ. ಜನ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಭಾವುಕರಾಗಿದ್ದಾರೆ ಎಂದುಕೊಂಡೆ.

ಮನೆಗೆ ಬಂದು ಪತ್ರದ ಫೋಟೊ ಕಮಲಾಗೆ ತೋರಿಸಿದೆ. ಅವಳು ಮೊಬೈಲಿನಲ್ಲಿ ಪದ ಹುಡುಕಿ ನನ್ನ ಮುಂದೆ ಹಿಡಿದಳು. ತನಗೆ ಸಂಬಂಧವಿಲ್ಲದ ವಿಷಯದಲ್ಲಿ ಮೂಗು ತೂರಿಸುವವರು ಎಂದಿತ್ತು. ಹೊಗಳಲಿಕ್ಕಲ್ಲ, ಹಂಗಿಸಲಿಕ್ಕೆ ಬಳಸುವ ಪದ. ಅವಳು ನಗಲಿಲ್ಲ. ಲಗ್ನಪತ್ರಿಕೆಯ ಸುದ್ದಿಯನ್ನೂ ತೆಗೆಯಲಿಲ್ಲ. ಅದೇ ಹೆಚ್ಚು ಉರಿಯಿತು. ನಾಳೆ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬನ್ನಿ ಎಂದಳು.

ಮರುದಿನ ಶಾಂತವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಕ್ಕುಬಿಡುತ್ತಾಳೆ ಎಂಬ ಧೈರ್ಯದಲ್ಲಿ ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಮಂದಿ ಮನ್ಯಾಗ ಬಾಯಿ ಹಾಕಾಕಿ ಅಂತೇನ್ರಿ?"

ಹೌದೆಂದೆ.

"ನಮ್ಮತ್ತಿನೂ ಇದನ್ನ ಅಂತಿದ್ಲು. ಆಕಿ ಮನಿ ಒಳಗ ಅಂತಿದ್ಲು." ನನ್ನ ಮುಖ ನೋಡದೆ ಕೇಳಿದಳು. "ನಿಮ್ಮ ಮನ್ಯಾಗ ಬಾಯಿ ಹಾಕಿದ್ದು ತಪ್ಪಾತೇನ್ರಿ, ಮಾಸ್ತರ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಶೇಂಗಾದ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಅದು ಖಾಲಿಯಾಗುವವರೆಗೆ ಸುಲಿದೆ. ಆ ವಾರವೇ ಕನ್ನಡದಲ್ಲಿ ಬೇರೆ ಪತ್ರ ಬರೆದುಕೊಟ್ಟೆ, ಮೊದಲು ಕಮಲಾಗೆ ತೋರಿಸಿ.

ಹೋದ ವರ್ಷ ಗದಗಿನ ಆಸ್ಪತ್ರೆಯೊಂದರಲ್ಲಿ ಅವಳನ್ನು ಕಡೆಯ ಸಲ ನೋಡಿದೆ. ಎದೆ ಸೋತಿತ್ತು, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಹೇಗಿದ್ದೀಯೆಂದು ಕೇಳಿದರೆ ಪಕ್ಕದ ಮಂಚದ ಮುದುಕಿಯನ್ನು ತೋರಿಸಿದಳು. ಆಕೆ ಲಕ್ಷ್ಮೇಶ್ವರದವಳಂತೆ, ಮಗ ಮಾತು ಬಿಟ್ಟು ಮೂರು ವರ್ಷವಾಯಿತಂತೆ, ಶಿರಹಟ್ಟಿಯಲ್ಲಿದ್ದಾನಂತೆ. ಅವನ ನಂಬರನ್ನು ಶಾಂತವ್ವ ಆಗಲೇ ಯಾರಿಂದಲೋ ಸಂಪಾದಿಸಿದ್ದಳು.

"ನನ್ನ ಸುದ್ದಿ ಆಮ್ಯಾಲೆ. ಮೊದ್ಲ ಈಕಿ ಮಗಗ ಫೋನ್ ಹಚ್ರಿ."

ಹಚ್ಚಿಕೊಟ್ಟೆ. ಉಸಿರಿಗಾಗಿ ನಿಲ್ಲಿಸಿ ನಿಲ್ಲಿಸಿ ಅವನಿಗೆ ಬುದ್ಧಿ ಹೇಳಿದಳು. ಅವನು ನಡುವೆಯೇ ಕರೆ ಕತ್ತರಿಸಿದ. ಮತ್ತೆ ಹಚ್ಚಲು ಹೇಳಿದಳು.

ಎರಡು ದಿನದ ಮೇಲೆ ಅವಳು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಆ ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದರು. ಪಕ್ಕದಲ್ಲಿ ನಡುವಯಸ್ಸಿನವನೊಬ್ಬ ಮುದುಕಿಗೆ ಗಂಜಿ ಕುಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, ಶಾಂತವ್ವ ನಿಮಗೆ ಏನಾಗಬೇಕು ಎಂದು ಕೇಳಿದ.

"ನಿಮಗ ಏನಾಗಬೇಕೋ, ನಮಗೂ ಅದ ಆಗಬೇಕ್ರಿ" ಎಂದೆ.