ಕೈ ಎತ್ತಿ ಕುಳಿತ ಹುಡುಗಿ

ಕಲಿಸುವುದಕ್ಕೆ ಬೇಕಾದ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಔರಾದಿನ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಯಾರದಾದರೂ ಪ್ರೋಗ್ರಾಂ ಕೆಟ್ಟು ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಸಾಲು ಬಂತೆಂದರೆ, ಅವರೇ ಅದನ್ನು ಓದಿ ತಿಳಿದುಕೊಳ್ಳುವ ತನಕ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. "ಕೆಂಪು ಬಂದ್ರ ಕೈ ಎತ್ರಿ, ಏನೂ ಮುಟ್ಟಬ್ಯಾಡ್ರಿ" ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಕೈ ಎದ್ದಲ್ಲಿಗೆ ಓಡುವುದು, ಮೌಸ್ ಕಸಿದುಕೊಳ್ಳುವುದು, ಟಕಟಕ ಒತ್ತಿ ಸರಿಮಾಡುವುದು. "ಸರ್ ಕೈ ಹಚ್ಚಿದ್ರ ಸಾಕು ನೋಡ್ರಿ" ಎಂದು ಹುಡುಗರು ಹೊಗಳಿದರೆ ಉಬ್ಬಿಹೋಗುತ್ತಿದ್ದೆ.

ಸಂತಪುರದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎಲ್ಲರಿಗಿಂತ ಚುರುಕು. ಬೀದರಿನ ಸಣ್ಣ ಕಂಪನಿಯೊಂದು ಕೆಲಸಕ್ಕೆ ಪ್ರೋಗ್ರಾಂ ಬರೆಯುವ ಪರೀಕ್ಷೆ ಇಟ್ಟಾಗ ನಾನೇ ಅವಳಿಂದ ಅರ್ಜಿ ಹಾಕಿಸಿದೆ. ಕೆಲಸ ಸಿಕ್ಕರೆ ಮದುವೆಯ ಮಾತು ಸದ್ಯಕ್ಕೆ ಬೇಡ ಎಂದು ಅವಳ ಅಪ್ಪ ಒಪ್ಪಿದ್ದರು. ಕಂಪ್ಯೂಟರುಗಳು ಕೈಕೊಟ್ಟರೆ ನೋಡಿಕೊಳ್ಳಲು ಕಂಪನಿಯವರು ನನ್ನನ್ನೂ ಕರೆದಿದ್ದರು. ಒಂದೇ ಷರತ್ತು, ಪರೀಕ್ಷೆಗೆ ಕೂತವರ ಜೊತೆ ಮಾತಾಡಕೂಡದು.

ಪರೀಕ್ಷೆ ನಡೆದದ್ದು ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಒಂದು ಕೋಣೆಯಲ್ಲಿ, ಒಳಗೂ ಲಾರಿಗಳ ಹಾರ್ನ್ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಪರದೆಯ ಮೇಲೆ ಕೆಂಪು ಸಾಲು. ಅವಳು ಕೈ ಎತ್ತಿದಳು. ಗಾಬರಿಯೇ ಇಲ್ಲ, ನನ್ನ ಕಡೆ ನೋಡಿ ನಕ್ಕಳು ಕೂಡ. ನಿಂತಲ್ಲಿಂದಲೇ ಕಾಣುತ್ತಿತ್ತು, ಒಂದು ಬ್ರ್ಯಾಕೆಟ್ ಮುಚ್ಚಿರಲಿಲ್ಲ. ಯಾವ ಸಾಲಿನಲ್ಲಿ ಎಂಬುದನ್ನೂ ಆ ಕೆಂಪು ಅಕ್ಷರಗಳೇ ಹೇಳುತ್ತಿದ್ದವು. ನಾನು ಕಣ್ಣು ತಪ್ಪಿಸಿ ಕಿಟಕಿಯ ಕಡೆ ನೋಡಿದೆ. ತಿರುಗಿದಾಗ ಕೈ ಹಾಗೇ ಇತ್ತು, ನಗು ಇರಲಿಲ್ಲ. ಮೇಲ್ವಿಚಾರಕರು ಬಂದು "ನೀನೇ ಮಾಡಬೇಕವ್ವಾ" ಎಂದ ಮೇಲೂ ಕೀಬೋರ್ಡ್ ಮುಟ್ಟದೆ ಹೊತ್ತು ಮುಗಿಯುವವರೆಗೆ ಕೂತಳು. ಮುಟ್ಟಬೇಡ ಎಂದವನು ನಾನೇ.

ಹೊರಗೆ ಬಂದು ಅವಳೇ ನನಗೆ ಸಮಾಧಾನ ಹೇಳಿದಳು. "ನಿಮ್ಮದೇನೂ ತಪ್ಪಿಲ್ರಿ ಸರ್. ನಂಗೇ ತಲಿ ಓಡಲಿಲ್ಲ."

ಇಲ್ಲ ತಾಯಿ, ತಪ್ಪು ನನ್ನದು ಎನ್ನಬೇಕಿತ್ತು. "ಇರ್ಲಿ ಬಿಡವ್ವಾ" ಎಂದೆ, ಅಷ್ಟೇ. ಆಡದೆ ಉಳಿದ ಆ ಮಾತು ಈಗಲೂ ಒಳಗೆ ಚುಚ್ಚುತ್ತದೆ.

ಈಗ ಯಾರದಾದರೂ ಪರದೆ ಕೆಂಪಾದರೆ ಕೈ ಹಿಂದೆ ಕಟ್ಟಿಕೊಂಡು "ಏನಂತ ಬಂದದ, ಓದ್ರಿ" ಎನ್ನುತ್ತೇನೆ. ಹೊಸಬರು ನನ್ನನ್ನು ಸೋಮಾರಿ ಎಂದುಕೊಂಡಿದ್ದಾರೆ. ಅನ್ನಲಿ.

ಹೋದ ವಾರ ಅವಳು ಮದುವೆ ಕಾರ್ಡು ಹಿಡಿದು ಕ್ಲಾಸಿಗೆ ಬಂದಿದ್ದಳು. ಮೂಲೆಯಲ್ಲಿ ಒಬ್ಬಳು ಹೊಸ ಹುಡುಗಿ ಕೈ ಎತ್ತಿ ಕೂತಿದ್ದಳು, ನಾನು ಅಲುಗಲಿಲ್ಲ. ಅದನ್ನು ನೋಡಿ ಇವಳು ಮೆಲ್ಲಗೆ ಅಂದಳು: "ಹೋಗ್ರಿ ಸರ್, ಪಾಪ. ನಿಮ್ಮನ್ನೇ ನೋಡಕೋತ ಕುಂತಾಳ."