ಎರಡರ್ಥದಮ್ಮ ಮತ್ತು ಒಂದರ್ಥದ ಪಟ್ಟಿ

ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಎರಡರ್ಥದಮ್ಮ ಎಂದು. ಹೆಸರು ಕೇಳಿ ಮೂಗು ಮುರಿಯಬೇಡಿ, ಹೆಂಗಸು ಮರ್ಯಾದಸ್ಥೆ. ಯಂತ್ರದ ಜೊತೆ ಡಬ್ಬಿಯಲ್ಲಿ ಬರುವ ಕೈಪಿಡಿಗಳನ್ನು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ತರುವುದು ಆಕೆಯ ಕೆಲಸ. ಯಾವ ಕ್ರಿಯಾಪದ ಕೈಗೆ ಸಿಕ್ಕರೂ ಅದರ ಹೊಟ್ಟೆ ಬಗೆದು ಎರಡು ಅರ್ಥ ತೆಗೆಯದೆ ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ರಾಗ. ಗಡಿಯಾರ ರಿಪೇರಿ ಮಾಡುವ ಗಂಡ ಬಚ್ಚಲುಮನೆಯ ಬಾಗಿಲಲ್ಲಿ ನಿಂತು "ಆಗ್ಲಿಂದ ಕಾಯ್ತಾ ಇದೆ" ಎಂದರೆ, "ಏನು, ನಿಮ್ಮ ತಲೆಯೋ, ನೀರೋ?" ಎಂದು ಒಳಗಿಂದಲೇ ವಿಚಾರಿಸಿದವಳು ಆಕೆ.

ಈ ಚಾಳಿ ಅಂಟಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಆಗ ಅವರ ಬಾಡಿಗೆ ಮನೆಯ ಮಹಡಿಯಲ್ಲಿ ಸ್ಪ್ಯಾನಿಷ್ ಮಾತಾಡುವ ಅಜ್ಜಿಯೊಬ್ಬರಿದ್ದರು. ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಟ್ಟರೆ ದಿನಕ್ಕೊಂದು ಕ್ರಿಯಾಪದ ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಅಜ್ಜಿ ಕಿಟಕಿ ಪಕ್ಕ ಸುಮ್ಮನೆ ಕೂತಿದ್ದನ್ನು ಕಂಡು, ಬೇಜಾರಾಗಿದೆಯಾ ಎಂದು ಕೇಳಲು ಹೋದಳು. ಇರುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ. ಸ್ಪ್ಯಾನಿಷಿನಲ್ಲಿ ಹುಟ್ಟುಗುಣಕ್ಕೆ 'ಸೆರ್', ಆ ಹೊತ್ತಿನ ಸ್ಥಿತಿಗೆ 'ಎಸ್ತಾರ್'. ಹುಡುಗಿ 'ಸೆರ್' ಹಾಕಿಬಿಟ್ಟಳು. ಅಜ್ಜಿಯ ಕಿವಿಗೆ ಬಿದ್ದದ್ದು, "ನೀವು ಬೇಜಾರು ಹಿಡಿಸೋ ಹೆಂಗಸಾ?" ಎಂದು. ಮೂರು ದಿನ ಬಾಗಿಲು ತೆರೆಯಲಿಲ್ಲ. ನಾಲ್ಕನೇ ದಿನ ಸಂದಿಯಿಂದ 'ಎಸ್ತಾರ್' ಹಾಕಿ ಕೇಳಿದ ಮೇಲೆಯೇ ಚಿಲಕ ಸರಿದದ್ದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ; ಅರ್ಧ ಬಲ್ಲವರ ಗತಿ ಏನೆಂದು ಆಕೆಗೆ ಅಂದೇ ಗೊತ್ತಾಯಿತು.

ಕಾರ್ಖಾನೆಯ ಎರಡನೇ ಅಂತಸ್ತಿನಲ್ಲಿ, ಕಿಟಕಿಗೆ ಒರಗಿದ ಒಂದು ಮೇಜಿನ ಮೇಲೆ ಆಕೆ ಹತ್ತೊಂಬತ್ತು ವರ್ಷ ಬರೆದಳು. ಅದೇನು ಸಿಂಹಾಸನವಲ್ಲ, ಒಂದು ಕಾಲು ಗಿಡ್ಡ, ಅಡಿಗೆ ಮಡಚಿದ ರಟ್ಟು. ಆದರೂ ಆ ಮೇಜೆಂದರೆ ಆಕೆಗೆ ಪ್ರಾಣ. ಮನೆಯಲ್ಲಿ ಆಕೆ ಸೊಸೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ತಾಯಿ. ಆಕೆಗಿಂತ ಚೆನ್ನಾಗಿ ಆ ಕೆಲಸಗಳನ್ನು ಬಲ್ಲೆವೆನ್ನುವವರು ಬೀದಿ ತುಂಬ ಇದ್ದರು. ಈ ಮೇಜಿನ ಹತ್ತಿರ ಮಾತ್ರ ಯಾರೂ ಬಂದು ಬುದ್ಧಿ ಹೇಳಿರಲಿಲ್ಲ.

ಹೇಳುವವರು ಬಂದರು. ಹೊಸ ಮ್ಯಾನೇಜರು ನಲವತ್ತಾರು ವರ್ಷದ ಬ್ರಹ್ಮಚಾರಿ, ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಡುವ ಆಸಾಮಿ. ಬಂದ ವಾರದಲ್ಲೇ ಅವರಿಗೆ ಅಚ್ಚುಕಟ್ಟಪ್ಪ ಎಂದು ಹೆಸರು ಬಿತ್ತು. ಒಂದು ಇಂಗ್ಲಿಷ್ ಕ್ರಿಯಾಪದಕ್ಕೆ ಒಮ್ಮೊಮ್ಮೆ ಒಂದೊಂದು ಸ್ಪ್ಯಾನಿಷ್ ಪದ ಬರುವುದು ಅವರ ಕಣ್ಣಿಗೆ ಹೊಲಸು ಕೆಲಸವಾಗಿ ಕಂಡಿತು. ಜೇಬುನಿಘಂಟು ತೆಗೆದು, ಪ್ರತಿ ಪದದ ಮುಂದೆ ಕಂಡ ಮೊದಲ ಅರ್ಥವನ್ನು ಎತ್ತಿ, ಅರವತ್ತು ಕ್ರಿಯಾಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಇದಕ್ಕೆ ಇದು, ಅದಕ್ಕೆ ಅದು, ಮುಗಿಯಿತು.

ಎರಡರ್ಥದಮ್ಮ ಪಟ್ಟಿಯನ್ನು ಓದಿ ತಲೆಯ ಮೇಲೆ ಕೈ ಹೊತ್ತಳು. 'ರನ್' ಎಂಬುದಕ್ಕೆ ಓಡುವ 'ಕೊರ್ರೆರ್' ಒಂದೇ. ಯಂತ್ರವನ್ನು ಹತ್ತು ನಿಮಿಷ ಚಾಲೂ ಇಡಿ ಎಂಬಲ್ಲಿ ಅದನ್ನು ಹಾಕಿದರೆ, ಓದಿದವರು ಯಂತ್ರವನ್ನು ಹತ್ತು ನಿಮಿಷ ಕೋಣೆ ತುಂಬ ತಳ್ಳಾಡುತ್ತಾರೆ ಎಂದು ಆಕೆ ವಿವರಿಸಿದಳು. ಅಚ್ಚುಕಟ್ಟಪ್ಪನವರು ಕಿನ್ನರಿ ಕೇಳುವ ಕೋಣನಂತೆ ಕೇಳಿಸಿಕೊಂಡು, ಬರುವ ಒಂದನೇ ತಾರೀಕಿನಿಂದ ಪಟ್ಟಿ ನೋಡಿಕೊಂಡು ಟೈಪಿಸ್ಟೇ ಈ ಕೆಲಸ ಮಾಡುತ್ತಾಳೆ, ನೀವು ಕೆಳಗೆ ಡಬ್ಬಿಗೆ ಚೀಟಿ ಅಂಟಿಸುವ ವಿಭಾಗಕ್ಕೆ ಹೋಗಿ ಎಂದರು. ಆಕೆ ಅಳಲಿಲ್ಲ. ಅಳು ಬಂದಿತ್ತು, ಆದರೆ ಇವರ ಮುಂದೆ ಅಳುವುದಕ್ಕಿಂತ ಗೋಂದು ಕುಡಿಯುವುದು ಮೇಲು ಎನಿಸಿತು.

ಒಂದನೇ ತಾರೀಕು ಇನ್ನೂ ದೂರವಿತ್ತು; ನಡೆಯುತ್ತಿದ್ದ ತಿಂಗಳ ಮೊದಲ ವಾರದಲ್ಲೇ ಸಮುದ್ರದಾಚೆಯಿಂದ ಗಿರಾಕಿಯೊಬ್ಬರು ಬಂದರು. ಹೊಲಿಗೆ ಯಂತ್ರಗಳ ದೊಡ್ಡ ಅಂಗಡಿಯ ಒಡತಿ, ವಿಧವೆ, ಸ್ಪ್ಯಾನಿಷ್ ಮಾತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರು ದಿನ ಅಚ್ಚುಕಟ್ಟಪ್ಪನವರೇ ಅವರಿಗೆ ಕಾರ್ಖಾನೆ ತೋರಿಸಿದರು. ಮೂರು ದಿನಕ್ಕೆ ಮೂರು ಹೊಸ ಅಂಗಿ. ಬೀಳ್ಕೊಡಲು ಸೂಜಿಗಳ ಒಂದು ಪೊಟ್ಟಣ ಹಿಡಿದು ರೈಲು ನಿಲ್ದಾಣಕ್ಕೆ ಹೋದವರು ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತರು; ರೈಲು ಎದುರಿನಿಂದಲೇ ಹೊರಟುಹೋಯಿತು.

ಮಾರನೇ ದಿನ ಇಂಗ್ಲಿಷಿನಲ್ಲಿ ಕಾಗದ ಬರೆದು, ಸೂಜಿಗಳ ಜೊತೆ ಕಳಿಸಲು ಸ್ಪ್ಯಾನಿಷ್ ಮಾಡಿಕೊಡಿ ಎಂದು ಎರಡರ್ಥದಮ್ಮನ ಮೇಜಿನ ಮೇಲಿಟ್ಟರು. ನಡುವೆ ಒಂದು ವಾಕ್ಯ: ನಿಲ್ದಾಣದಲ್ಲಿ ನಿಮ್ಮನ್ನು 'ಮಿಸ್' ಮಾಡಿಕೊಂಡೆ. ಆಕೆ ಗೋಡೆ ನೋಡಿದಳು. 'ಮಿಸ್' ಎದುರು ಇದ್ದದ್ದು 'ಎಕ್ಸ್ತ್ರಾನ್ಯಾರ್'. ಅದು ರೈಲು ತಪ್ಪುವ ಮಿಸ್ ಅಲ್ಲ, ಒಬ್ಬರಿಲ್ಲದೆ ಜೀವ ಹಂಬಲಿಸುವ ಮಿಸ್.

ಆಕೆಗೆ ನಗು ಒತ್ತರಿಸಿ ಬಂತು. ಆದರೂ ಪಾಪಭೀರು; ಎದ್ದು ಹೋಗಿ ಈ ಒಂದು ವಾಕ್ಯ ಪಟ್ಟಿ ಬಿಟ್ಟು ಬರೆಯಲೇ ಎಂದು ಕೇಳಿದಳು.

"ಪಟ್ಟಿ ಅಂದ್ರೆ ಪಟ್ಟಿ," ಎಂದರು ಅವರು ತಲೆ ಎತ್ತದೆ.

ಸರಿ, ಹೇಳಿದಷ್ಟು ಮಾಡಿದರೆ ಯಾರಪ್ಪನ ಗಂಟು ಹೋಗುತ್ತದೆ? ದುಂಡಗಿನ ಅಕ್ಷರಗಳಲ್ಲಿ ಬರೆದು, ಸಹಿ ಮಾಡಿಸಿ, ಅಂಚೆಗೆ ಹಾಕಿದಳು. ಆ ದಿನ ಮನೆಗೆ ಹೋಗುವಾಗ ಆಕೆಯ ಚಪ್ಪಲಿಗೂ ಖುಷಿ.

ಉತ್ತರ ಬಂದದ್ದು ಇಪ್ಪತ್ತೆಂಟನೇ ತಾರೀಕು, ಆಕೆ ಮೇಜು ಬಿಡಲು ಎರಡು ಮೂರು ದಿನ ಇರುವಾಗ. ಟೈಪಿಸ್ಟ್ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದಿ ಒಂದು ಗಂಟೆ ಹೆಣಗಿ ಕೈಚೆಲ್ಲಿದಳು. ಅಚ್ಚುಕಟ್ಟಪ್ಪನವರು ಕಾಗದವನ್ನು ತಾವೇ ತಂದು ಗಿಡ್ಡಕಾಲಿನ ಮೇಜಿನ ಎದುರು ಕುರ್ಚಿ ಎಳೆದುಕೊಂಡರು. ಆಕೆ ಓದಿ ಹೇಳತೊಡಗಿದಳು. ಸೂಜಿಗಳು ತಲುಪಿದವು. ನಿಲ್ದಾಣದಲ್ಲಿ ನಿಂತು ನೀವು ನನಗಾಗಿ ಹಂಬಲಿಸಿದಿರಿ ಎಂಬುದನ್ನು ಓದಿ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ಗಂಡ ಹೋಗಿ ಹನ್ನೊಂದು ವರ್ಷ, ಯಾರೂ ನನಗೆ ಹೀಗೆ ಬರೆದಿರಲಿಲ್ಲ. ರೈಲಿನ ಕಿಟಕಿಯಿಂದ ನಾನೂ ನಿಮ್ಮನ್ನೇ ಹುಡುಕುತ್ತಿದ್ದೆ.

ಓದಿ ಮುಗಿಸುವಷ್ಟರಲ್ಲಿ ಆಕೆಯ ನಗು ಬತ್ತಿಹೋಗಿತ್ತು. ಅಚ್ಚುಕಟ್ಟಪ್ಪನ ಮೀಸೆ ಮಣ್ಣಾಗಲಿ ಎಂದು ಬರೆದ ಪದ ಯಾವುದೋ ಊರಿನ ಹೆಂಗಸಿನ ಎದೆಗೆ ಹೋಗಿ ತಾಗಿತ್ತು. ನಾಚಿಕೆಯಾಯಿತು, ಭಯವೂ ಆಯಿತು. ಚೀಟಿ ವಿಭಾಗವೂ ಸಿಗಲಿಕ್ಕಿಲ್ಲ ಎಂದುಕೊಂಡಳು. ಪದದ ಇನ್ನೊಂದು ಅರ್ಥವನ್ನು ಬಿಡಿಸಿ ಹೇಳಿ, ಪಟ್ಟಿಯ ಕಡೆ ಬೆರಳು ತೋರಿಸಿ, ತಾನೂ ತಿಳಿದೇ ಬರೆದೆ ಎಂದು ಒಪ್ಪಿಕೊಂಡಳು. ನಂತರ ಹೊಸ ಹಾಳೆ ತೆಗೆದಳು.

"ತಪ್ಪಾಯ್ತು ಅಂತ ಬರೆದುಬಿಡ್ತೀನಿ ಸರ್. ಭೇಟಿ ತಪ್ಪಿತು ಅಷ್ಟೇ, ಬೇರೇನೂ ಇಲ್ಲ ಅಂತ."

ಅವರು ಆಕೆಯ ಮೇಜಿನ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಲು ಹೋಗಿ, ಅರ್ಧಕ್ಕೇ ಬಿಟ್ಟರು.

"ಬೇರೇನೂ ಇಲ್ಲ ಅನ್ನೋದು ಬೇಡ," ಎಂದರು. "ತಪ್ಪಾಯ್ತು ಅನ್ನೋದೂ ಬೇಡ." ಕಿವಿ ಎರಡೂ ಕೆಂಪಾಗಿದ್ದವು. "ಅವರನ್ನ ಒಂದು ಮಾತು ಕೇಳ್ಬೇಕು ಅಂತ ಬರೀರಿ."

ಎರಡರ್ಥದಮ್ಮ ಪೆನ್ನಿನ ಮುಚ್ಚಳ ತೆಗೆದಳು. ಕೇಳುವುದಕ್ಕೆ ಸ್ಪ್ಯಾನಿಷಿನಲ್ಲಿ ಎರಡಿವೆ ಎಂದು ಸಾವಕಾಶವಾಗಿ ತಿಳಿಸಿದಳು: ಪ್ರಶ್ನೆ ಕೇಳುವುದು ಬೇರೆ, ಬೇಕು ಎಂದು ಕೇಳಿಕೊಳ್ಳುವುದು ಬೇರೆ.

ಅಚ್ಚುಕಟ್ಟಪ್ಪನವರು ಗೋಡೆಯ ಕಡೆ ನೋಡಲೂ ಇಲ್ಲ.

"ಮೊದಲು ಪ್ರಶ್ನೆ," ಎಂದರು ನೆಲ ನೋಡುತ್ತ. "ಅವರು ಹೂಂ ಅಂದ್ರೆ, ಆಮೇಲೆ ಇನ್ನೊಂದು."

"ಹಾಗಾದ್ರೆ ಇದು ಒಂದು ಕಾಗದದಲ್ಲಿ ಮುಗಿಯೋ ಕೆಲಸ ಅಲ್ಲ ಸರ್," ಎಂದಳು ಆಕೆ. "ಒಂದನೇ ತಾರೀಕು ದಾಟುತ್ತೆ."